ಕಾಲಕ್ಕೆ ಮೈನಸ್ಸು, ಜಾಗಕ್ಕೆ ಪ್ಲಸ್ಸು

ಮೇಷ್ಟ್ರ ಧ್ವನಿಯಲ್ಲಿ ಮಾತಾಡಬೇಕೆಂದರೆ ಮೊದಲು ಗಂಟಲು ಸರಿಮಾಡಿಕೊಳ್ಳಬೇಕು. ಆಮೇಲೆ ಎದುರಿಗೆ ಕೂತವರೆಲ್ಲ ಏನೋ ಕದ್ದಿದ್ದಾರೆ ಎಂಬಂತೆ ಕನ್ನಡಕದ ಮೇಲಿನಿಂದ ನೋಡಬೇಕು. ಗಿಣಿಗೆ ಕನ್ನಡಕ ಇರಲಿಲ್ಲ. ಆದರೂ ನೋಡಿದಳು. ಸಣ್ಣ ಸೆಮಿನಾರ್ ಕೋಣೆಯ ಖಾಲಿ ಕುರ್ಚಿಗಳೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಂತೆ ಕಂಡವು.

"ಹ್ಞೂಂ... ಅರ್ಥಾತ್... ಕಾ...ಲಕ್ಕೆ ಮೈನಸ್ಸು. ಜಾ...ಗಕ್ಕೆ ಪ್ಲಸ್ಸು. ಸರಿ ತಾನೆ, ಮಹಾರಾಯರೆ?"

ಸೀಮೆಸುಣ್ಣವನ್ನು ಮೇಷ್ಟ್ರು ಹಿಡಿಯುವಂತೆ ಮೂರು ಬೆರಳಲ್ಲಿ ಹಿಡಿದು, ಬೋರ್ಡಿನ ಎಡಮೂಲೆಯಲ್ಲಿ ಆ ಚಿಹ್ನೆಗಳನ್ನು ಬರೆದಳು. ಮೇಷ್ಟ್ರು ಯಾವ ಭಾಷಣವನ್ನೂ ಈ ಸಾಲಿಲ್ಲದೆ ಶುರುಮಾಡಿದವರಲ್ಲ. ಸ್ಲೈಡು ಮುಟ್ಟಿದವರೂ ಅಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಬರೆದದ್ದನ್ನು ತಾವೇ ನೋಡಿ, ನೋಡಿದ್ದನ್ನು ತಾವೇ ಮೆಚ್ಚಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ಮುಂದುವರಿಯುತ್ತಿದ್ದರು. ಆ ಮೌನಗಳೇ ಭಾಷಣದ ಅರ್ಧ. ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಅವರ ಭಾಷಣ. "ಸಮಯ ಮೀರುತ್ತಾ ನೋಡಿ ಹೇಳು ಮಹಾರಾಯ್ತಿ" ಎಂದು ಗಿಣಿಗೆ ಒಪ್ಪಿಸಿದ್ದರು. ಅವರ ಮೌನಗಳನ್ನೂ ಅಳೆಯಬೇಕಾದರೆ ಅವರೇ ಆಗಿಬಿಡುವುದು ಸುಲಭವೆಂದು ಅವಳು ಬಾಗಿಲು ಹಾಕಿಕೊಂಡು ಅವರಾಗಿದ್ದಳು. ಹಾಗೆ ಯಾರು ಬೇಕಾದರೂ ಆಗಬಲ್ಲವಳಾದ್ದರಿಂದಲೇ ಅವಳಿಗೆ ಗಿಣಿ ಎಂದು ಹೆಸರು. ಲೈಬ್ರರಿಯನ್‌ನ ಕೆಮ್ಮು, ಲಿಫ್ಟಿನ ನಿಟ್ಟುಸಿರು, ಕಾಫಿ ಮೆಷಿನ್ನಿನ ಕೊನೆಯ ಗೊರಕೆ, ಎಲ್ಲವೂ ಅವಳ ಗಂಟಲಲ್ಲಿದ್ದವು. ಮೇಷ್ಟ್ರ ಮುಂದೆ ಮಾತ್ರ ಅವಳ ಸ್ವಂತ ಧ್ವನಿಯೂ ಸರಿಯಾಗಿ ಹೊರಡುತ್ತಿರಲಿಲ್ಲ.

ಮೇಷ್ಟ್ರಿಗೂ ಒಂದು ಅಡ್ಡಹೆಸರಿತ್ತು: ಮಹಾಸ್ಫೋಟ. ವಿಶ್ವದ ಹುಟ್ಟಿನ ಬಗ್ಗೆ ಪಾಠ ಮಾಡುತ್ತಿದ್ದರು ಎಂಬುದು ಹೊಸಬರಿಗೆ ಹೇಳುವ ಕಾರಣ.

ಇವತ್ತಿನ ಭಾಷಣ ಹುಟ್ಟಿನದಲ್ಲ, ಸಾವಿನದು. ಮೇಷ್ಟ್ರು, ಗಿಣಿ ಮತ್ತು ಅವಳ ಜೊತೆಗಾರ ಅನಂತ ಸೇರಿ ಬರೆದ ಪ್ರಬಂಧ ಹೋದ ತಿಂಗಳು ಹೊರಬಂದಿತ್ತು. ಅನಂತನ ನಿಜವಾದ ಹೆಸರು ಬೇರೆ. ಅವನ ಲೆಕ್ಕಗಳೆಲ್ಲ ಕೊನೆಗೆ ಅನಂತಕ್ಕೆ ಹೋಗಿ ನಿಲ್ಲುತ್ತಿದ್ದುದರಿಂದ ಹಾಗೆ. ಪ್ರಬಂಧದ ಸಾರ ಇಷ್ಟೆ: ನಾವು ಖಾಲಿ ಎಂದುಕೊಂಡಿರುವ ಜಾಗ, ಅಂದರೆ ನಿರ್ವಾತ, ಒಂದು ಹೊಂಡದಲ್ಲಿ ಕೂತ ಗೋಲಿಯ ಹಾಗೆ. ಪಕ್ಕದಲ್ಲಿ ಇನ್ನೂ ಆಳವಾದ ಹೊಂಡವಿದೆ. ನಡುವೆ ಒಂದು ದಿಬ್ಬ. ದಿಬ್ಬ ಎತ್ತರವಾಗಿದ್ದರೆ ಎಲ್ಲರೂ ಕ್ಷೇಮ. ತಗ್ಗಾಗಿದ್ದರೆ ಎಲ್ಲೋ ಒಂದು ಕಡೆ ಒಂದು ಗುಳ್ಳೆ ಹುಟ್ಟುತ್ತದೆ, ಅದರೊಳಗೆ ಗೋಲಿ ಆಚೆ ಹೊಂಡಕ್ಕೆ ಬಿದ್ದಿರುತ್ತದೆ, ಗುಳ್ಳೆ ಬೆಳಕಿನ ವೇಗದಲ್ಲಿ ಹಿಗ್ಗುತ್ತ ನಕ್ಷತ್ರ, ನೆಲ, ನೆಂಟರು ಎಲ್ಲವನ್ನೂ ಒರೆಸಿಕೊಂಡು ಹೋಗುತ್ತದೆ. ಬರುತ್ತಿದೆ ಎಂದು ತಿಳಿಯುವ ಹೊತ್ತಿಗೆ ಬಂದಾಗಿರುತ್ತದೆ. ಸ್ಟ್ರಿಂಗ್ ಥಿಯರಿ ಬೇಡುವ ಕೆಲವು ಕಣಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ದಿಬ್ಬ ಹೆಚ್ಚುಕಡಿಮೆ ಚಪ್ಪಟೆ ಎಂದು ಈ ಮೂವರು ತೋರಿಸಿದ್ದರು.

ಪತ್ರಿಕೆಗಳು ಬಿಡುತ್ತವೆಯೆ? "ವಿಶ್ವ ಯಾವ ಕ್ಷಣದಲ್ಲಾದರೂ ಮುಗಿಯಬಹುದು: ವಿಜ್ಞಾನಿಗಳು." ಗಿಣಿ ಅಕ್ಕನ ಮನೆಯಲ್ಲೇ ಇರುತ್ತಿದ್ದಳು. ಅಕ್ಕ ತುಂಬು ಗರ್ಭಿಣಿ. ಬೆಳಿಗ್ಗೆ ಬ್ರೆಡ್ಡಿಗೆ ಜಾಮ್ ಹಚ್ಚುತ್ತ ಕೇಳಿದ್ದಳು:

"ನೋಡೇ, ತೊಟ್ಟಿಲು ಬುಕ್ ಮಾಡೋದಾ ಬೇಡ್ವಾ? ಡೆಲಿವರಿ ಮುಂದಿನ ವಾರ ಅಂತಾನೆ ಅಂಗಡಿಯವನು."

"ಯಾವ ಡೆಲಿವರಿ, ತೊಟ್ಟಿಲದ್ದಾ ನಿಂದಾ?" ಎಂದು ಭಾವ ನಕ್ಕರು. ಭಾವ ಲಿಫ್ಟ್ ಮೆಕ್ಯಾನಿಕ್. ಬೀಳುವುದರ ಬಗ್ಗೆ ತಮಾಷೆ ಮಾಡುವ ಹಕ್ಕು ತಮ್ಮೊಬ್ಬರದೇ ಎಂದು ಅವರ ನಂಬಿಕೆ.

ಅಕ್ಕ ನಗಲಿಲ್ಲ. ಚಾಕು ಹಿಡಿದ ಕೈ ಬ್ರೆಡ್ಡಿನ ಮೇಲೇ ನಿಂತಿತ್ತು. ಕಣ್ಣ ಕೆಳಗೆ ಕಪ್ಪು. ಅವಳು ರಾತ್ರಿಯೆಲ್ಲ ಎದ್ದು ಕೂತಿರುತ್ತಾಳೆ ಎಂದು ಭಾವ ಆಮೇಲೆ ಬಾಗಿಲ ಬಳಿ ಪಿಸುಗುಟ್ಟಿದ್ದರು.

ಈಗ ಗಿಣಿ ಮೇಷ್ಟ್ರ ಧ್ವನಿಯಲ್ಲಿ ದಿಬ್ಬದ ತನಕ ಬಂದಿದ್ದಳು. ದಿಬ್ಬದ ಎತ್ತರವನ್ನು ನಿರ್ಧರಿಸುವ ಸಮೀಕರಣದ ಪದಗಳಲ್ಲಿ ಮುಖ್ಯವಾದದ್ದು ಒಂದೇ. ದೇಶಕಾಲದ ಬಾಗುವಿಕೆಯಿಂದ ಬರುವ ಪದ. ಮೇಷ್ಟ್ರು ತರುಣರಾಗಿದ್ದಾಗ ಬರೆದ ಪ್ರಬಂಧದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು. ಮೇಷ್ಟ್ರ ಈ ಸಂಶೋಧನಾ ಗುಂಪಿನಲ್ಲಿ ಆ ಪ್ರಬಂಧವನ್ನು ಪ್ರಶ್ನಿಸುವುದೆಂದರೆ ಮೇಷ್ಟ್ರ ಕುರ್ಚಿಯಲ್ಲಿ ಕೂತಂತೆ.

"ಈ ಪದ... ನನ್ನ ಹಳೆಯ ಗೆಳೆಯ" ಎಂದು ಮೇಷ್ಟ್ರ ಜೋಕನ್ನೂ ಮೇಷ್ಟ್ರ ಹಾಗೇ ಹೇಳಿ, ಯಾರೂ ನಗದ ಆ ಮೌನವನ್ನೂ ಅಳೆದು, ಪದವನ್ನು ಬರೆದಳು. ಕೂಡಿದಳು.

ದಿಬ್ಬ ಮೇಲೆದ್ದಿತು.

ಗಿಣಿ ಬೋರ್ಡನ್ನೇ ನೋಡಿದಳು. ತಗ್ಗಬೇಕಿದ್ದ ದಿಬ್ಬ ಗೋಡೆಯ ಹಾಗೆ ನಿಂತಿತ್ತು. ಕೈತಪ್ಪು ಇರಬೇಕು. ಒರೆಸಿದಳು. ಮತ್ತೆ ಬರೆದಳು, ಈ ಸಲ ತನ್ನದೇ ರೀತಿಯಲ್ಲಿ. ಗಿಣಿ, ಅನಂತ, ಅವರ ವಯಸ್ಸಿನವರೆಲ್ಲ ಕಾಲಕ್ಕೆ ಪ್ಲಸ್ಸು, ಜಾಗಕ್ಕೆ ಮೈನಸ್ಸು ಹಾಕುವವರು. ಮೇಷ್ಟ್ರ ಕಾಲದವರು ಅದಕ್ಕೆ ತಿರುಗಾಮುರುಗಾ. ಎರಡೂ ಸರಿಯೇ. ರಸ್ತೆಯಲ್ಲಿ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅಪಘಾತವಿಲ್ಲ, ಎಲ್ಲರೂ ಒಂದೇ ಕಡೆ ಹೋದರೆ. ಅವಳ ರೀತಿಯಲ್ಲಿ ಬರೆದಾಗ ದಿಬ್ಬ ಮತ್ತೆ ಚಪ್ಪಟೆಯಾಯಿತು. ಪ್ರಬಂಧದಲ್ಲಿದ್ದ ಹಾಗೇ.

ಅವಳ ಅಂಗೈ ಬೆವರಿ ಸೀಮೆಸುಣ್ಣ ಹಿಟ್ಟಿನ ಮುದ್ದೆಯಂತಾಯಿತು. ಎಲ್ಲ ಸಾಲುಗಳೂ ಅವಳ ರೀತಿಯವು. ಬಾಗುವಿಕೆಯ ಪದ ಮಾತ್ರ ಮೇಷ್ಟ್ರ ಪ್ರಬಂಧದಿಂದ ಎತ್ತಿ ಇಟ್ಟದ್ದು, ಇದ್ದಂತೆಯೇ, ಪೂಜ್ಯಭಾವದಿಂದ. ಅದು ಮೇಷ್ಟ್ರ ರೀತಿಯದು. ಈ ಕಡೆ ತರುವಾಗ ಅದರ ಚಿಹ್ನೆ ತಿರುಗಿಸಬೇಕಿತ್ತು.

ತಿರುಗಿಸಿರಲಿಲ್ಲ.

ಕಾರಿಡಾರಿನಲ್ಲಿ ಅವಳು ನಡೆದಳೋ ಓಡಿದಳೋ ಅವಳಿಗೇ ಗೊತ್ತಾಗಲಿಲ್ಲ. ಅನಂತ ತನ್ನ ಮೇಜಿನ ಹಿಂದೆ ಟೈ ಕಟ್ಟಿಕೊಳ್ಳಲು ಹೋಗಿ ಕುತ್ತಿಗೆಗೂ ಟೈಗೂ ಜಗಳ ಹಚ್ಚಿದ್ದ.

"ಅನಂತ, ಬಾಗುವಿಕೆ ಪದ ನೀನು ಎಲ್ಲಿಂದ ತಗೊಂಡೆ?"

"ಎಲ್ಲಿಂದ ಅಂದ್ರೆ? ಮೇಷ್ಟ್ರ ಪೇಪರಿಂದ. ನೀನು?"

ಗಿಣಿ ಗೋಡೆಗೆ ಒರಗಿದಳು. ಈ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾವುದೇ ಲೆಕ್ಕವನ್ನು ಇಬ್ಬರು ಬೇರೆಬೇರೆಯಾಗಿ ಮಾಡಬೇಕು, ಮುಗಿಯುವ ತನಕ ಪರಸ್ಪರ ತುಟಿಪಿಟಕ್ಕೆನ್ನಬಾರದು, ಕೊನೆಗೆ ಉತ್ತರ ಹೋಲಿಸಬೇಕು. ಉತ್ತರ ಹೊಂದಿದ ದಿನ ಮೇಷ್ಟ್ರು ಇಬ್ಬರ ಬೆನ್ನನ್ನೂ ತಟ್ಟಿದ್ದರು. ಇಬ್ಬರೂ ಬೇರೆಬೇರೆ ಕೋಣೆಯಲ್ಲಿ ಕೂತು, ಒಂದೇ ಹಳ್ಳಕ್ಕೆ, ಒಂದೇ ಕಾಲಿಟ್ಟು ಬಿದ್ದಿದ್ದರು.

"ನೀನು ಅದರ ಮೊದಲ್ನೇ ಪುಟ ಓದಿದ್ಯಾ?"

"ಮೊದಲ್ನೇ ಪುಟ ಯಾರು ಓದ್ತಾರೆ?" ಎಂದ ಅನಂತ. ಹೇಳುತ್ತ ಹೇಳುತ್ತಲೇ ಅವನ ಮುಖದ ಬಣ್ಣ ಇಳಿಯಿತು. ಚಿಹ್ನೆಗಳ ರೂಢಿಯನ್ನು ಬರೆಯುವುದು ಮೊದಲನೇ ಪುಟದಲ್ಲಿ. ಇಬ್ಬರೂ ಸಮೀಕರಣಕ್ಕೇ ಹಾರಿದ್ದರು.

ಅವನು ಒಂದು ಕಾಗದದ ಹಿಂಬದಿಯಲ್ಲಿ ಬರೆದ. ಹೊಡೆದುಹಾಕಿದ. ಮತ್ತೆ ಬರೆದ. ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದ: "ಧನ ಇದ್ದದ್ದು ಋಣ ಆಯ್ತಲ್ಲೇ."

"ಮೇಷ್ಟ್ರ ಋಣ ಹೀಗಾ ತೀರ್ಸೋದು?" ಎಂದಳು ಗಿಣಿ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕೋಣೆ ಮೊದಲಿಗಿಂತ ಚಿಕ್ಕದಾಗಿತ್ತು.

"ಕೇಳು" ಅನಂತ ಬಾಗಿಲು ಮುಚ್ಚಿದ. "ಇವತ್ತು ಸಮಿತಿ ಬರ್ತಿದೆ. ಗುಂಪು ಮುಂದುವರೀಬೇಕೋ ಮುಚ್ಚಬೇಕೋ ಅಂತ ಈ ಭಾಷಣ ಕೇಳ್ಕೊಂಡು ಇವತ್ತೇ ತೀರ್ಮಾನ ಮಾಡೋದು. ಗುಂಪು ಹೋದ್ರೆ ನೀನೂ ಹೋದೆ, ನಾನೂ ಹೋದೆ. ಮೇಷ್ಟ್ರು ಹೇಗೂ ಈ ವರ್ಷ ರಿಟೈರು. ಸುಮ್ನೆ ಇರು. ಭಾಷಣ ಮುಗೀಲಿ, ತೀರ್ಮಾನ ಆಗ್ಲಿ. ಆಮೇಲೆ ಮೆಲ್ಲಗೆ ಒಂದು ತಿದ್ದುಪಡಿ ಹಾಕಿದ್ರಾಯ್ತು. ಎಲ್ಲರೂ ಹಾಕ್ತಾರೆ."

"ಸಭೇಲಿ ಯಾರಾದ್ರೂ ಹಿಡಿದ್ರೆ?"

"ಯಾರು ಹಿಡೀತಾರೆ? ಒಂದು ತಿಂಗಳಿಂದ ಯಾರೂ ಹಿಡಿದಿಲ್ಲ."

"ನಾನು ಹಿಡ್ದೆ."

"ನೀನು ಬಿಡು, ನೀನು ಗಿಣಿ" ಎಂದ ಅವನು. "ಹೇಳ್ತೀಯಾ? ಹೋಗಿ ಹೇಳು ನೋಡೋಣ. 'ಸರ್, ನಿಮ್ಮ ಜೀವನದ ದೊಡ್ಡ ಫಲಿತಾಂಶ ತಪ್ಪು, ಊಟ ಆಯ್ತಾ?' ಅಂತ. ಮಹಾಸ್ಫೋಟ ಆದ್ಮೇಲೆ ಏನು ಉಳಿಯುತ್ತೆ ಅಂತ ನನಗೂ ಕುತೂಹಲ."

ಗಿಣಿಗೆ ನೆನಪಾದದ್ದು ತನಗಿಂತ ಮೊದಲು ಇಲ್ಲಿದ್ದ ಒಬ್ಬ ಹುಡುಗಿ. ಸೆಮಿನಾರಿನ ನಡುವೆ ಮೇಷ್ಟ್ರ ಒಂದು ಸಾಲನ್ನು ತಿದ್ದಿದ್ದಳು. ಮೇಷ್ಟ್ರು ಕೂಗಲಿಲ್ಲ. ಸೀಮೆಸುಣ್ಣವನ್ನು ಅವಳ ಮುಂದೆ ಇಟ್ಟು, ಕೋಣೆಯಿಂದ ಹೊರಗೆ ಹೋದರು. ಆ ವರ್ಷವಿಡೀ ಅವಳೊಡನೆ ಮಾತಾಡಲಿಲ್ಲ. ಈಗ ಅವಳು ಒಂದು ಬ್ಯಾಂಕಿನಲ್ಲಿ ಇದ್ದಾಳೆ ಎಂದು ಸುದ್ದಿ.

ಫೋನು ನಡುಗಿತು. ಅಕ್ಕ. ಗಿಣಿ ಮೆಟ್ಟಿಲ ಕಡೆಗೆ ಹೋಗಿ ಎತ್ತಿಕೊಂಡಳು.

"ಪುಟ್ಟಿ, ನಗಬೇಡ. ಆ ಗುಳ್ಳೆ ಈಗಾಗ್ಲೇ ಹುಟ್ಟಿರಬಹುದಾ ಎಲ್ಲಾದ್ರೂ?"

ಗಿಣಿ ನಗಲಿಲ್ಲ.

"ಅಂಗಡಿಗೆ ಬಂದಿದೀನಿ ಕಣೇ. ತೊಟ್ಟಿಲು ಮುಂದೆ ನಿಂತಿದೀನಿ. ಕೈ ಇಟ್ರೆ ತೂಗುತ್ತೆ, ನೋಡಿ ಅಳು ಬರ್ತಿದೆ. ಅಂಗಡಿಯವನು ನನ್ನೇ ನೋಡ್ತಿದಾನೆ. ಏನೂ ಆಗಲ್ಲ ಅಂತ ಹೇಳೇ."

'ಏನೂ ಆಗಲ್ಲ.' ಎರಡೇ ಮಾತು. ನಿಜವಾದ ಮಾತು. ಹೇಳಿದರೆ ಅಕ್ಕ ಭಾವನಿಗೆ ಹೇಳುತ್ತಾಳೆ, ಭಾವ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೇಳುವುದೆಂದರೆ ಪ್ರಬಂಧ ತಪ್ಪೆಂದು ಒಪ್ಪಿದಂತೆ.

"ಅಮ್ಮನ ಥರ ಹೇಳೇ" ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಅಮ್ಮ ಹೋಗಿ ವರ್ಷಗಳಾಗಿದ್ದವು. ಅವಳ ಧ್ವನಿ ಈ ಲೋಕದಲ್ಲಿ ಉಳಿದದ್ದು ಗಿಣಿಯ ಗಂಟಲೊಂದರಲ್ಲೇ. ಅಕ್ಕನಿಗೆ ಜ್ವರ ಬಂದಾಗ, ಪರೀಕ್ಷೆಯ ಹಿಂದಿನ ದಿನ, ಮದುವೆಯ ಬೆಳಿಗ್ಗೆ, ಅವಳು ಹೀಗೇ ಕೇಳುತ್ತಿದ್ದಳು.

"ಏನೂ ಆಗಲ್ಲ ಮಗಳೇ" ಎಂದಿತು ಗಿಣಿಯ ಬಾಯಿ, ಅಮ್ಮನ ಆ ಒರಟು, ನಿದ್ದೆಗಣ್ಣಿನ ಧ್ವನಿಯಲ್ಲಿ. "ನೆಟ್ಟಗೆ ಮನೆಗೆ ಹೋಗಿ ಮಲ್ಕೊ."

ಆಚೆ ಕಡೆ ತೊಟ್ಟಿಲು ತೂಗಿ ಕಿರುಗುಟ್ಟಿದ ಸದ್ದು.

"ನೀನು ಹೇಳು ಈಗ" ಎಂದಳು ಅಕ್ಕ. "ನಿನ್ನ ಥರ."

"ಮೀಟಿಂಗ್ ಇದೆ ಅಕ್ಕ" ಎಂದು ಗಿಣಿ ಇಟ್ಟುಬಿಟ್ಟಳು. ಮೆಟ್ಟಿಲ ಕಬ್ಬಿಣದ ಕಂಬಿಯನ್ನು ಹಿಡಿದು ನಿಂತಳು. ಅದು ತಣ್ಣಗಿತ್ತು. ತೊಟ್ಟಿಲ ಮುಂದೆ ನಿಂತ ಅಕ್ಕ ಈಗ ಏನೆಂದುಕೊಂಡಿರುತ್ತಾಳೆ? ಉತ್ತರ ಬರಲಿಲ್ಲ ಎಂದರೆ ಉತ್ತರ ಕೆಟ್ಟದ್ದು ಎಂದೇ ಅಲ್ಲವೆ? ಕೆಳಗಿನ ಅಂತಸ್ತಿನಿಂದ ಮಾತುಗಳು ಕೇಳಿಬಂದವು. ಸಮಿತಿಯವರು ಬಂದಿದ್ದರು, ಯಾರೋ ಕಾಫಿಗೆ ಸಕ್ಕರೆ ಬೇಡವೆನ್ನುತ್ತಿದ್ದರು. ಗಿಣಿ ಮೇಲಕ್ಕೆ ಹತ್ತಿದಳು.

ಮೇಷ್ಟ್ರ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಕೋಟು ಹಾಕಿಕೊಂಡು, ಕಿಟಕಿಯ ಗಾಜಿನಲ್ಲಿ ತಮ್ಮನ್ನು ನೋಡಿಕೊಳ್ಳುತ್ತ, ತಲೆಯ ಮೇಲೆ ಉಳಿದ ಕೂದಲನ್ನು ಆ ಕಡೆಯಿಂದ ಈ ಕಡೆಗೆ ಹಂಚುತ್ತಿದ್ದರು.

"ಬಾ ಮಹಾರಾಯ್ತಿ. ಸಮಯ ಮೀರುತ್ತಾ?"

"ಸರ್" ಎಂದಳು. ಮುಂದಿನ ಮಾತು ಹೊರಡಲಿಲ್ಲ. ಇನ್ನೊಮ್ಮೆ ಬಾಯಿ ತೆರೆದಳು, ಆಗ ಆಗಬಾರದ್ದು ಆಗಿಹೋಯಿತು.

"ಹ್ಞೂಂ... ಅರ್ಥಾತ್... ಕಾ...ಲಕ್ಕೆ ಮೈನಸ್ಸು."

ಮೇಷ್ಟ್ರ ಧ್ವನಿ. ಮೇಷ್ಟ್ರ ಎಳೆತ. ಮೇಷ್ಟ್ರ ಎದುರಿಗೇ.

ಬಾಚಣಿಗೆ ನಿಂತಿತು. ಮೇಷ್ಟ್ರು ಗಾಜಿನಿಂದ ಕಣ್ಣು ಕೀಳದೆ ಕೇಳಿದರು: "ಏನಂದೆ?"

ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ನಿಲ್ಲಿಸಿದರೆ ಮತ್ತೆ ಒಂದು ಮಾತೂ ಹೊರಡುವುದಿಲ್ಲ ಎಂದೂ ಗೊತ್ತಿತ್ತು. ಕಾಲುಗಳು ತಾವಾಗಿ ಅವರ ಕೋಣೆಯ ಬೋರ್ಡಿನ ಹತ್ತಿರ ಹೋದವು. "ಜಾ...ಗಕ್ಕೆ ಪ್ಲಸ್ಸು" ಎನ್ನುತ್ತ ಬರೆಯತೊಡಗಿದಳು. ಸಾಲಿನ ಮೇಲೆ ಸಾಲು, ಅವರ ಕೆಮ್ಮು, ಅವರ ಮೌನ. "ಈ ಪದ ನನ್ನ ಹಳೆಯ ಗೆಳೆಯ" ಎಂಬಲ್ಲಿ ಅವಳ ಕಣ್ಣಲ್ಲಿ ನೀರು ಬಂದಿತು, ಆದರೂ ಧ್ವನಿ ಅವರದೇ. ಕೊನೆಯ ಸಾಲಿನ ಕೆಳಗೆ ದಿಬ್ಬ ಬಿಡಿಸಿದಳು. ಎತ್ತರದ ದಿಬ್ಬ.

"ಸರಿ ತಾನೆ?" ಎಂದು ಕೇಳಿ, ಸೀಮೆಸುಣ್ಣ ಕೆಳಗಿಟ್ಟಳು.

ಸ್ಫೋಟಕ್ಕೆ ಕಾಯುತ್ತ ಅವಳು ಭುಜಗಳನ್ನು ಕಿವಿಯ ತನಕ ಎಳೆದುಕೊಂಡಳು.

ಹೆಜ್ಜೆಯ ಸಪ್ಪಳ ಹತ್ತಿರ ಬಂದಿತು. ಮೇಷ್ಟ್ರು ಅವಳನ್ನು ದಾಟಿ ಬೋರ್ಡಿಗೆ ಮೂಗು ತಾಗುವಷ್ಟು ಬಳಿ ನಿಂತರು. ಬೆರಳಿಂದ ಒಂದೊಂದೇ ಚಿಹ್ನೆಯನ್ನು ಮುಟ್ಟುತ್ತ ಹೋದರು. ಬಾಗುವಿಕೆಯ ಪದದ ಮೇಲೆ ಬೆರಳು ನಿಂತಿತು.

"ನೀವಿಬ್ಬರೂ ಇದನ್ನ ಹಾಗೇ ಎತ್ಕೊಂಡ್ರಾ?"

"ಹೌದು ಸರ್." ಈ ಸಲ ಹೊರಟದ್ದು ಅವಳ ಧ್ವನಿಯೇ, ಇಲಿಯದರಷ್ಟು ಸಣ್ಣಗೆ.

"ನನ್ನ ಪೇಪರ್ ಅಂತ."

"ಹೌದು ಸರ್."

"ನಾನೂ ನೋಡ್ಲಿಲ್ಲ" ಎಂದರು ಮೇಷ್ಟ್ರು. "ನನ್ನದು ಅಂತ." ಕುರ್ಚಿಗೆ ಕೈ ಚಾಚಿದರು, ಕೈ ಕುರ್ಚಿಯ ಬೆನ್ನನ್ನು ಮೊದಲ ಸಲಕ್ಕೆ ಹಿಡಿಯಲಿಲ್ಲ, ಗಾಳಿಯಲ್ಲಿ ತಡಕಾಡಿತು. ಗಿಣಿ ಅದನ್ನು ನೋಡಿದಳು. ಕೂಗಿದ್ದರೆ ವಾಸಿಯಿತ್ತು. ಈ ಮನುಷ್ಯ ಹೆದರಬಲ್ಲರು ಎಂದು ಅವಳಿಗೆ ಗೊತ್ತಿರಲಿಲ್ಲ. ಅವರೂ ಹೆದರಿದರೆ ಇನ್ನು ಹಿಡಿದುಕೊಳ್ಳಲು ಯಾರೂ ಇಲ್ಲ.

"ಬೇರೆ ಯಾರಿಗೆ ಗೊತ್ತು?"

"ಅನಂತನಿಗೆ. ಅವನು... ಭಾಷಣ ಮುಗೀಲಿ ಅಂತಾನೆ."

"ನೀನೇನಂತೀಯ?"

ತೊಟ್ಟಿಲ ಮುಂದೆ ನಿಂತ ಅಕ್ಕ ಗಿಣಿಯ ಕಣ್ಣ ಮುಂದೆ ಬಂದಳು. "ನಮ್ಮಕ್ಕ ಒಂದು ತಿಂಗಳಿಂದ ನಿದ್ದೆ ಮಾಡಿಲ್ಲ ಸರ್" ಎಂದುಬಿಟ್ಟಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇಂಥ ಹೊತ್ತಲ್ಲಿ ಇದೆಂಥ ಮನೆಮಾತು.

ಮೇಷ್ಟ್ರು ಬಾಗಿಲ ಕಡೆ ತೋರಿಸಿದರು. "ಹೋಗಿ ಕೂತ್ಕೋ."

ಏನು ಮಾಡುತ್ತಾರೆಂದು ಹೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ.

ಸಭಾಂಗಣದ ಮೊದಲ ಸಾಲಿನಲ್ಲಿ ಸಮಿತಿಯ ಐವರು. ನಡುವೆ ಕೂತ ಅಧ್ಯಕ್ಷೆ ಪೆನ್ನಿನ ತುದಿಯನ್ನು ಒತ್ತುತ್ತ ಬಿಡುತ್ತ ಇದ್ದರು; ಟಿಕ್, ಟಿಕ್. ಗಿಣಿ ಹಿಂದೆ ಕೂತು ಆ ಸದ್ದನ್ನೇ ನಾಲಿಗೆಯಲ್ಲಿ ಅನುಕರಿಸುತ್ತಿದ್ದಾಳೆಂದು ಅನಂತ ಮೊಣಕೈಯಿಂದ ತಿವಿದ ಮೇಲೆ ತಿಳಿಯಿತು.

"ಹೇಳಿದ್ಯಾ?"

"ಹ್ಞೂಂ."

"ಏನಂದ್ರು?"

"ಕೂತ್ಕೋ ಅಂದ್ರು."

ಅನಂತ ಟೈ ಸಡಿಲಿಸಿದ.

ಮೇಷ್ಟ್ರು ಬಂದರು. ಕೋಟು, ಕನ್ನಡಕ, ಕೆಮ್ಮು. "ಕಾಲಕ್ಕೆ ಮೈನಸ್ಸು, ಜಾಗಕ್ಕೆ ಪ್ಲಸ್ಸು" ಎಂದರು. ಗಿಣಿ ಬೆಳಿಗ್ಗೆ ಅಳೆದದ್ದಕ್ಕಿಂತ ಬೇಗ ಹೇಳಿಬಿಟ್ಟರು, ಎಳೆಯದೆ. ಸಾಲುಗಳು ಏರುತ್ತ ಹೋದವು. ಹೊಂಡ, ಗೋಲಿ, ಪಕ್ಕದ ಹೊಂಡ. ಬೋರ್ಡಿನ ಮೇಲೆ ಮೈನಸ್ಸಿನ ಒಂದು ಅಡ್ಡಗೀಟಷ್ಟೇ ಬೀಳುತ್ತದೋ, ಅದರ ಮೇಲೊಂದು ಉದ್ದಗೀಟೂ ಬೀಳುತ್ತದೋ. ಅಷ್ಟರ ಮೇಲೆ ಅವಳ ಬದುಕು ನಿಂತಿತ್ತು, ಮತ್ತು ಅವಳಿಗೇ ಯಾವುದು ಬೀಳಲಿ ಎಂದು ಬೇಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಇಡೀ ವಿಶ್ವಕ್ಕೆ ಒಳ್ಳೆಯ ಸುದ್ದಿ ಈ ಕೋಣೆಯ ಮೂವರಿಗೆ ಕೆಟ್ಟದ್ದು.

ಬಾಗುವಿಕೆಯ ಪದ. ಮೇಷ್ಟ್ರು ನಿಂತರು. ಜೋಕು ಬರಲಿಲ್ಲ. ಆ ಮೌನ ಅವಳು ಅಳೆದಿದ್ದ ಯಾವ ಮೌನವೂ ಅಲ್ಲ.

"ಇಲ್ಲಿ" ಎಂದರು, ಬೋರ್ಡಿಗೆ ಮುಖ ಮಾಡಿಕೊಂಡೇ, "ನಮ್ಮಿಂದ ಒಂದು ತಪ್ಪಾಗಿದೆ. ತಿಂಗಳ ಹಿಂದೆ ನಾವು ಹೇಳಿದ್ದು ನಿಲ್ಲೋದಿಲ್ಲ. ಅದನ್ನ ಇವತ್ತು ಬೆಳಿಗ್ಗೆ ಕಂಡುಹಿಡಿದವಳು ಇಲ್ಲೇ ಇದ್ದಾಳೆ. ಅವಳೇ ಬಂದು ಹೇಳಲಿ." ತಿರುಗಿ, ಸೀಮೆಸುಣ್ಣವನ್ನು ಸಭೆಯ ಕಡೆ ಚಾಚಿದರು. ಆ ಹಳೆಯ ಹುಡುಗಿಯ ಮುಂದೆ ಇಟ್ಟ ಹಾಗಲ್ಲ. ಕೈಯಲ್ಲೇ ಹಿಡಿದುಕೊಂಡು ಕಾದರು.

ಪೆನ್ನಿನ ಟಿಕ್ ನಿಂತಿತು. ಕುರ್ಚಿಗಳು ಕಿರುಗುಟ್ಟಿದವು, ತಲೆಗಳು ಹಿಂದಕ್ಕೆ ಹೊರಳಿದವು. "ಸತ್ವಿ ಕಣೇ" ಎಂದ ಅನಂತ, ಉಸಿರಿನಲ್ಲೇ.

ಗಿಣಿ ಏಳುವ ಮೊದಲು ಫೋನು ತೆಗೆದಳು. ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಸರಿಯಾಗಿ ಬಂತು: ತೊಟ್ಟಿಲು ತಗೋ. ಕಳಿಸಿ, ಎದ್ದಳು. ನಡುವಿನ ದಾರಿ ಇಳಿಜಾರಾಗಿತ್ತು, ಅದೇ ಅವಳನ್ನು ಕೆಳಗೆ ತಂದು ಬಿಟ್ಟಿತು.

ಮೇಷ್ಟ್ರ ಬೆರಳುಗಳಿಂದ ಸೀಮೆಸುಣ್ಣ ತೆಗೆದುಕೊಂಡಾಗ ಅದು ಒದ್ದೆಯಾಗಿತ್ತು. ಅವರು ಪಕ್ಕಕ್ಕೆ ಸರಿದು, ಅವಳಿಗೆ ಮಾತ್ರ ಕೇಳುವಂತೆ ಅಂದರು: "ನನ್ನ ಧ್ವನೀಲಿ ಬೇಡ ಮಹಾರಾಯ್ತಿ."

ಅಧ್ಯಕ್ಷೆ ಮುಂದೆ ಬಾಗಿದರು. "ಹಾಗಾದ್ರೆ, ನಿಮ್ಮ ಫಲಿತಾಂಶ ಇಲ್ಲ ಅಂದ್ರೆ, ನಿಮ್ಮ ಗುಂಪಲ್ಲಿ ಉಳಿದಿರೋದೇನು?"

ಗಿಣಿ ಉತ್ತರ ಹುಡುಕಿದಳು. ಲೈಬ್ರರಿಯನ್‌ನ ಕೆಮ್ಮು ಬಂತು, ಅಮ್ಮನ ಗೊಗ್ಗರು ಬಂತು, ಕಾಫಿ ಮೆಷಿನ್ನೂ ಬಂತು. ಎಲ್ಲವನ್ನೂ ನುಂಗಿಕೊಂಡಳು. ಗಂಟಲಲ್ಲಿ ಏನೂ ಉಳಿಯಲಿಲ್ಲ. ಜೇಬಿನಲ್ಲಿ ಫೋನು ಒಮ್ಮೆ ನಡುಗಿತು.

"ಗೊತ್ತಿಲ್ಲ" ಎಂದಳು. ತೆಳುವಾದ, ಕೊನೆಯಲ್ಲಿ ಒಡೆಯುವ ಒಂದು ಧ್ವನಿ. ಸಭೆಯಲ್ಲಿ ಯಾರೂ ಅದನ್ನು ಮೊದಲು ಕೇಳಿರಲಿಲ್ಲ. "ಆದ್ರೆ ಚಿಹ್ನೆ ಎಲ್ಲಿ ತಪ್ಪಿತು ಅಂತ ತೋರಿಸಬಲ್ಲೆ."

ಅಧ್ಯಕ್ಷೆ ಏನನ್ನೋ ಬರೆದುಕೊಂಡರು. ಏನೆಂದು ಅಲ್ಲಿಂದ ಕಾಣುತ್ತಿರಲಿಲ್ಲ.

ಗಿಣಿ ಬೋರ್ಡಿನ ಕಡೆ ತಿರುಗಿ, ಎಡಮೂಲೆಯಿಂದ ಶುರುಮಾಡಿದಳು.